ಬೋಟಿನ ಚೀಟಿಯಲ್ಲಿ ನನ್ನ ಹೆಸರು

ತಾರೀಖು ಹದಿನೆಂಟು, ಗುರುವಾರ

ಪ್ರೀತಿಯ ತಂಗಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಅತ್ತೆಯವರ ಸೊಂಟದ ಮೂಳೆ ಕೂಡಿತೇ? ಎದ್ದು ನಾಲ್ಕು ಹೆಜ್ಜೆ ಹಾಕುತ್ತಿದ್ದಾರೆಯೇ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತ ಅಣ್ಣನನ್ನು ಬೈದುಕೊಂಡಿರುತ್ತೀಯ. ಬೈದುಕೋ. ಪೆನ್ನು ಹಿಡಿದರೆ ಎಲ್ಲಿಂದ ಶುರು ಮಾಡಲಿ ಎಂದೇ ತಿಳಿಯುತ್ತಿರಲಿಲ್ಲ, ಈಗಲೂ ತಿಳಿದಿಲ್ಲ.

ನೀನು ಅತ್ತೆಯವರ ಆರೈಕೆಗೆಂದು ಹೋದಾಗಿನಿಂದ ಬೋಟು ಕಟ್ಟಿಹಾಕಿಯೇ ಇದೆ, ಬಣ್ಣ ಬಳಿಸಿದ್ದೇನೆ. ಮೆಕ್ಯಾನಿಕ್ ಬಂದು ಎಂಜಿನ್ ಬಿಚ್ಚಿ ಜೋಡಿಸಿ ಹೋದ. ಈಗಿನ ಸದ್ದು ಸರಿಯಿದೆಯೋ ಇಲ್ಲವೋ ನೀನೇ ಬಂದು ಕೇಳಿ ಹೇಳಬೇಕು.

ವಿಷಯ ಲೈಸೆನ್ಸಿನದು. ಸರ್ಕಾರ ಹೊಸ ನಿಯಮ ತಂದಿದೆ. ಇನ್ನು ಮುಂದೆ ಲೈಸೆನ್ಸ್ ಬೋಟಿಗಲ್ಲವಂತೆ, ಓಡಿಸುವವರಿಗಂತೆ. ಹಿಂದಿನ ಐದು ವರ್ಷ ಚುಕ್ಕಾಣಿ ಹಿಡಿದವರ ಹೆಸರಿಗೇ ಕೊಡುತ್ತಾರೆ, ಬೇರೆಯವರು ಮುಟ್ಟಿದರೆ ಬೋಟು ಜಪ್ತಿ. ಕೇಳಿ ನನಗೆ ಖುಷಿಯೇ ಆಯಿತು. ನಿನಗಲ್ಲದೆ ಇನ್ಯಾರಿಗೆ ಸಿಗಬೇಕು?

ಆದರೆ ಅವರು ನೋಡುವುದು ಬಂದರಿನ ಗೇಟಿನಲ್ಲಿ ಕೊಟ್ಟ ಚೀಟಿಗಳನ್ನು. ಬೋಟು ಹೊರಡುವ ಮುಂಚೆ ಓಡಿಸುವವರ ಹೆಸರು ಬರೆದು ಕೊಡುತ್ತಿದ್ದೆವಲ್ಲ, ಅವೇ. ಬೋಟು ಹತ್ತಿದರೆ ವಾಂತಿ ಮಾಡಿಕೊಳ್ಳುವ ಹಿರಿಮಗ ನಾನು. ನನ್ನ ಮಾನ ಉಳಿಯಲಿ ಎಂದು ಅಪ್ಪ, "ಚೀಟೀಲಿ ದೊಡ್ಡವನ ಹೆಸರೇ ಇರಲಿ" ಅಂದಿದ್ದರು. ಅವರು ಹೋದ ಮೇಲೂ ನೀನು ಅದನ್ನು ಬಿಡಲಿಲ್ಲ. ದಿನಾ ಬೆಳಗ್ಗೆ ನನ್ನ ಹೆಸರು ಬರೆದು ನನ್ನ ಕೈಗೆ ಕೊಟ್ಟು ಬೋಟು ಹತ್ತುತ್ತಿದ್ದೆ. ನಾನು ಅದನ್ನು ಗೇಟಿಗೆ ಕೊಟ್ಟು, ಹರಿದ ಬಲೆ ಹೊಲಿಯಲು ಕೂರುತ್ತಿದ್ದೆ. ನೀನು ಓಡಿಸುವುದು ಇಡೀ ಬಂದರಿಗೆ ಗೊತ್ತು, ಆ ಚೀಟಿಗಳಿಗೆ ಮಾತ್ರ ಗೊತ್ತಿಲ್ಲ.

ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ.

ಹೆಸರು ಬದಲಾಯಿಸಬಹುದೇ ಎಂದು ಕೇಳಲು ಲೈಸೆನ್ಸ್ ಆಫೀಸಿಗೆ ಮತ್ತೆ ಹೋದೆ. ಒಂದನೇ ಕೌಂಟರಿನವರು ಆಗುತ್ತದೆ ಅಂದರು, ಎರಡನೆಯವರು ಆಗುವುದೇ ಇಲ್ಲ ಅಂದರು, ಮೂರನೆಯವರು ಒಂದನೆಯವರನ್ನೇ ಕೇಳಿ ಅಂದರು. ತಲೆಬುಡ ಒಂದೂ ತಿಳಿಯದೆ ಮನೆಗೆ ಬಂದೆ. ನಿನ್ನತ್ತಿಗೆ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಇಟ್ಕೊಂಡು ಏನ್ ಮಾಡ್ತೀರಿ? ದಡದಲ್ಲೇ ಬೋಟು ಓಡಿಸ್ತೀರಾ?" ಅಂದಳು. ಮೊನ್ನೆ ಕಟ್ಟಿಹಾಕಿದ ಬೋಟನ್ನೇ ಹತ್ತಿ ನೋಡಿದೆ. ಹೊಸ ಬಣ್ಣದ ವಾಸನೆಗೋ ಏನೋ, ಹೊಟ್ಟೆ ತೊಳಸಿ ಇಳಿದುಬಿಟ್ಟೆ. ನಿನ್ನ ಹೆಸರು ಹೇಳೋಣವೆಂದರೆ ಆಫೀಸಿನಲ್ಲಿ ನಿನ್ನ ವಿಷಯ ಯಾರೂ ಕೇಳಲೇ ಇಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಆರೈಕೆಯಲ್ಲಿ ನಿನ್ನ ಊಟ ಮರೆಯಬೇಡ. ಎಲ್ಲಿದ್ದರೂ ತಣ್ಣಗಿರು ತಾಯಿ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ

ಮತ್ತೊಂದು ಮಾತು: ಯಾರೂ ಕೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಲೈಸೆನ್ಸ್ ಕೊಡುವ ಮುಂಚೆ ನನ್ನನ್ನು ಆಫೀಸಿಗೆ ಕರೆಸಿದ್ದರು. ಬೇರೆ ಊರಿನಿಂದ ಬಂದ ಹೊಸ ಅಧಿಕಾರಿ ಚೀಟಿಗಳ ಕಟ್ಟು ಬಿಚ್ಚಿ, ಎಲ್ಲದರಲ್ಲೂ ಒಂದೇ ಅಕ್ಷರ ಇದೆಯಲ್ಲ, ಯಾರದು ಎಂದು ಕೇಳಿದರು. ನನ್ನ ತಂಗಿಯದು ಎಂದೆ. ಅವರೂ ಬೋಟಿಗೆ ಹೋಗುತ್ತಿದ್ದರಾ ಎಂದರು. "ಇಲ್ಲ ಸಾರ್, ಅವಳು ದಡದಲ್ಲಿ ಕೂತು ಚೀಟಿ ಬರೀತಿದ್ಲು" ಅಂದುಬಿಟ್ಟೆ. ಅವರು ನನಗೆ ಕುರ್ಚಿ ಕೊಟ್ಟು ಯಜಮಾನರೇ ಎಂದು ಕರೆದಿದ್ದರು. ನನ್ನ ವಾಂತಿಯ ಕಥೆ ಗೊತ್ತಿಲ್ಲದವರೊಬ್ಬರು ಅದೇ ಮೊದಲ ಸಲ ನನ್ನೆದುರು ಕೂತಿದ್ದರು. ಐದು ನಿಮಿಷವಾದರೂ ಅವರ ಕಣ್ಣಿಗೆ ಬೋಟು ಓಡಿಸುವವನಾಗಿರಬೇಕು ಅನ್ನಿಸಿತೋ ಏನೋ, ನನಗೇ ಅರ್ಥವಾಗಿಲ್ಲ. ನಾನು ಹೇಳಿದ್ದನ್ನು ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ತಕರಾರು ಸಲ್ಲಿಸಲು ಈ ತಿಂಗಳ ಕೊನೆಯವರೆಗೆ ಸಮಯವಿದೆ. ಫಾರಂ ಇದರ ಜೊತೆ ಇಟ್ಟಿದ್ದೇನೆ. ಅಣ್ಣ ಸುಳ್ಳು ಹೇಳಿದ ಎಂದೇ ಬರೆ. ನಿನ್ನ ಅಕ್ಷರ ಅವರಿಗೆ ಗುರುತು ಸಿಗುತ್ತದೆ.