ಸಿಡುಕಿ ಕಾಣುತ್ತಿಲ್ಲ

ಮಾರ್ಚ್ ೪, ಬೆಳಿಗ್ಗೆ

ಮತ್ತೆ ಅದೇ. ಹಲ್ಲುಜ್ಜುವ ಮುಂಚೆಯೇ ಅಮ್ಮ ಫೋನ್ ಹಿಡಿದು ಬಂದಳು. "ನೋಡೇ, ಸಿಡುಕಿ ಇವತ್ತೂ ಕಾಣ್ತಿಲ್ಲ." ಮ್ಯಾಪಿನಲ್ಲಿ ಉಳಿದ ದೋಣಿಗಳ ಚುಕ್ಕೆಗಳೆಲ್ಲ ಇವೆ, ನಮ್ಮದಿಲ್ಲ. ನಮ್ಮದು ಅಂತ ಇನ್ನೂ ಬರೆಯುತ್ತೇನಲ್ಲ... ಅಪ್ಪ ಹೋದ ಮೇಲೆ ಮಾರಿದ್ದು ನಾವೇ. ಆದರೂ ಆ ಚುಕ್ಕೆ ಬಂದರಿನಿಂದ ಹೊರಟದ್ದು ಕಂಡರೇನೇ ಅಮ್ಮನಿಗೆ ಕಾಫಿ ಇಳಿಯುವುದು.

ಹೆಸರು ಅಪ್ಪ ಇಟ್ಟಿದ್ದು. ಅಮ್ಮನನ್ನು ಕರೆಯುತ್ತಿದ್ದುದೇ ಹಾಗೆ. ದೋಣಿಯ ಮೂತಿಯ ಮೇಲೆ ಅದನ್ನು ಬರೆಸಿದ ದಿನ ಅಮ್ಮ ಮಾತು ಬಿಟ್ಟಿದ್ದಳು — ಅನ್ವರ್ಥನಾಮವೇ ಸರಿ.

ಮಾರ್ಚ್ ೫

ಹೊಸ ಮಾಲೀಕರ ಫೋನ್. ಚುಕ್ಕೆ ಕಾಣದಿದ್ದರೆ ಬಂದರು ಕಚೇರಿಯವರು ಇನ್ನು ಹೊರಗೆ ಬಿಡುವುದಿಲ್ಲವಂತೆ. "ಟ್ರ್ಯಾಕಿಂಗ್ ಸೆಟ್ ಹಾಕಿದ್ದು ನೀವೇ ಅಲ್ವಾ ಮೇಡಂ? ಹಸಿರು ದೀಪ ಉರೀತಿದೆ, ಆದ್ರೂ ನಾವು ಕಾಣಲ್ವಂತೆ. ದೆವ್ವ ಆಗ್ಬಿಟ್ವಾ?"

ನಾಳೆ ಬರುತ್ತೇನೆ ಎಂದೆ. ಇಲ್ಲಿನ ಅರ್ಧ ದೋಣಿಗಳ ರೇಡಿಯೋ, ಟ್ರ್ಯಾಕಿಂಗ್ ಸೆಟ್ ರಿಪೇರಿ ನನ್ನದೇ. ಇದೊಂದರ ಹತ್ತಿರ ಮಾತ್ರ, ಮಾರಿದ ಮೇಲೆ ಹೋಗಿಲ್ಲ.

ಮಾರ್ಚ್ ೬, ಮಧ್ಯಾಹ್ನ

ಕಾಲಿಡುತ್ತಲೇ ಅದೇ ಡೀಸೆಲ್ ವಾಸನೆ. ಅಳು ಬಂತು. ಕನೆಕ್ಟರ್ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿಯೇ ಕೂತೆ.

"ಎಡಕ್ಕೆ ಎಳೆಯೋದೊಂದು ಬಿಟ್ರೆ ಒಳ್ಳೇ ದೋಣಿ," ಎಂದರು ಮಾಲೀಕರು. ಅಪ್ಪನೂ ಅದನ್ನೇ ಹೇಳುತ್ತಿದ್ದ.

ಕರೆಂಟ್ ಸರಿ. ಜಿಪಿಎಸ್ ಸರಿ. ಕೇಬಲ್ ಸರಿ. ಪರದೆಯಲ್ಲಿ ಪಕ್ಕದ ದೋಣಿಗಳು ಮಾತ್ರ, ದೂರದ್ದು ಒಂದೂ ಇಲ್ಲ. ಅಂದರೆ ಆಂಟೆನಾ. ತಲೆಯೆತ್ತಿ ನೋಡಿದರೆ — ಬುಡದಿಂದ ತುದಿಯವರೆಗೆ ಬೆಳ್ಳಿ ಬಣ್ಣ! ಅಲ್ಯೂಮಿನಿಯಂ ಪೇಂಟ್, ಅಂದರೆ ಲೋಹದ ಪದರ. ಸಿಗ್ನಲ್ ಹೊರಗೆ ಹೋಗುವುದಾದರೂ ಹೇಗೆ?

"ಒಳಗೆ ನಿಮ್ಮಪ್ಪೋರದ್ದೇ ಡಬ್ಬ ಇತ್ತು. ಅವರು ವರ್ಷಾ ವರ್ಷಾ ಎಲ್ಲಕ್ಕೂ ಹೊಡೀತಿದ್ರಲ್ಲ, ಅದಕ್ಕೇ ನಾನೂ..."

ಹೊಡೆಯುತ್ತಿದ್ದ, ನಿಜ. ಅಲುಗಾಡದೆ ನಿಂತರೆ ನನಗೂ ಬಳಿಯುತ್ತಿದ್ದನೇನೋ. ಆದರೆ ಆಂಟೆನಾ ಕೆಡಿಸಬೇಡ ಎಂದು ನಾನು ಬೈದ ಮೇಲೆ, ಮೊದಲು ಅದಕ್ಕೆ ತನ್ನ ಹಳೇ ಪ್ಯಾಂಟಿನ ಒಂದು ಕಾಲು ತೊಡಿಸಿ, ಆಮೇಲೆ ಬ್ರಶ್ ಹಿಡಿಯುತ್ತಿದ್ದ. ಮಾಲೀಕರಿಗೆ ಇದನ್ನು ಹೇಳಿದೆ.

"ಓ, ಅದಾ! ಬ್ರಶ್ ಒರೆಸೋ ಬಟ್ಟೆ ಅಂದ್ಕೊಂಡೆ!"

ಡಬ್ಬದ ಪಕ್ಕ ಮುದುಡಿ ಬಿದ್ದಿತ್ತು. ಮಂಡಿಯ ಬಳಿ ಅಮ್ಮ ಹಾಕಿದ ತೇಪೆ. ಮಾಲೀಕರನ್ನು ಕೇಳದೆಯೇ ಚೀಲಕ್ಕೆ ಹಾಕಿಕೊಂಡೆ.

ಸಂಜೆ

ಹೊಸ ಆಂಟೆನಾ ನಾಳೆ. ಹೊರಡುವಾಗ ಮಾಲೀಕರು ತಲೆ ಕೆರೆದುಕೊಂಡು, "ಹಾಗೇ ಸೆಟ್‌ನಲ್ಲಿ ಹೆಸರೂ ಬದಲಾಯಿಸಿಬಿಡಿ ಮೇಡಂ. ರಿಜಿಸ್ಟ್ರೇಷನ್ನಲ್ಲಿ ಈಗ ಮೊಮ್ಮಗಳ ಹೆಸರು — ಮುದ್ದು" ಎಂದರು. ನ್ಯಾಯವೇ. ಆದರೆ ನನ್ನ ಕೈಯಾರೆ ಸಿಡುಕಿಯನ್ನು ಅಳಿಸಬೇಕು. ಅಮ್ಮನಿಗೆ ಹೇಗೆ ಹೇಳಲಿ?

ಮಾರ್ಚ್ ೭

ಅಳಿಸಿದೆ. ಹೇಳಲಿಲ್ಲ.

ಮಾರ್ಚ್ ೧೨, ಬೆಳಿಗ್ಗೆ

ಇಷ್ಟು ದಿನ "ಇನ್ನೂ ರಿಪೇರಿ ಆಗ್ತಿದೆ" ಎಂದು ತಳ್ಳಿದ್ದೆ. ಇವತ್ತು ಕನ್ನಡಕ ಮೂಗಿನ ತುದಿಗೆ ಇಳಿಸಿ ಅಮ್ಮ ಮ್ಯಾಪಿನ ಮೇಲೆ ಬೆರಳಿಟ್ಟಳು.

"ಈ ಮುದ್ದು ಯಾರದ್ದೇ?"

ಅವಳು ಉತ್ತರಕ್ಕೆ ಕಾಯಲಿಲ್ಲ.

"ದಾರಿ ನೋಡು, ನೆಟ್ಟಗೇ ಇಲ್ಲ. ಎಡಕ್ಕೆ ಎಳ್ಕೊಂಡು ಎಳ್ಕೊಂಡು ಹೋಗಿದೆ. ನಿಮ್ಮಪ್ಪ ಜೀವಮಾನವೆಲ್ಲ ಬೈಕೊಂಡು ಬಲಕ್ಕೆ ತಿರುಗಿಸ್ತಿದ್ರು." ಆಮೇಲೆ ನಕ್ಕಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ. "ಏನಂತ ಕರೆದ್ರೂ ಅಷ್ಟೇ. ಇವಳು ಸಿಡುಕೀನೇ."

ಕಾಫಿ ಇಳಿಯಿತು. ಪ್ಯಾಂಟಿನ ಕಾಲು ಇನ್ನೂ ನನ್ನ ಚೀಲದಲ್ಲೇ ಇದೆ. ಈಗ ತೋರಿಸಲೇ... ದೋಣಿ ಬಂಡೆಯ ಹತ್ತಿರ ಬಂತಂತೆ, ಹೇಗೆ ತಿರುಗುತ್ತಾಳೋ ನೋಡು ಬಾ ಎಂದು ಕರೆಯುತ್ತಿದ್ದಾಳೆ. ಅದನ್ನೂ ತೆಗೆದುಕೊಂಡೇ ಹೊರಟೆ.