ದೇವರ ಗೂಡಿನ ಪಕ್ಕದ ಗೋಡೆ

ಅಮ್ಮ ಪ್ರಭಾ,

ಸೋಮವಾರವಾದ್ದರಿಂದ ಹಾರನಹಳ್ಳಿಯ ಗುಡಿಗೆ ಹೊರಟಿದ್ದೇನೆ. ಬರುವುದು ಸಂಜೆಯಾಗುತ್ತದೆ, ಊಟಕ್ಕೆ ಕಾಯಬೇಡ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ.

ಪೇಂಟರ್ ಮಲ್ಲೇಶಿ ಒಂಬತ್ತಕ್ಕೆ ಬರುತ್ತಾನೆ. ನಡುಮನೆಗೂ ಕೋಣೆಗಳಿಗೂ ನೀನು ಆರಿಸಿದ ಬೂದು ಬಣ್ಣವೇ ಆಗಲಿ. ಈಗ ಬೀದಿಯಲ್ಲಿ ಎಲ್ಲರ ಮನೆಗೂ ಅದೇ ಬಣ್ಣ. ವಾದ ಮಾಡುವ ಶಕ್ತಿ ನನಗಿಲ್ಲ.

ದೇವರ ಗೂಡಿನ ಬಲಗಡೆಯ ಗೋಡೆಯನ್ನು ಮಾತ್ರ ಮುಟ್ಟಗೊಡಬೇಡ. ನಿನ್ನೆ ಅವನು ಅಲ್ಲಿಯ ಕಲೆ ನೋಡಿ, "ಶೀತ ಹಿಡಿದೈತೆ ಯಜಮಾನ್ರೇ, ನಾಳೆ ಉಜ್ಜಿ ತೆಗಿತೀನಿ" ಎಂದ. ಅದು ಶೀತವಲ್ಲ. ನಿನ್ನ ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಿನಲ್ಲಿ ಉಳಿದದ್ದನ್ನು ದಿನವೂ ಅಲ್ಲಿಯೇ ಒರೆಸುತ್ತಿದ್ದಳು. ಗೋಡೆ ಹಾಳಾಯಿತೆಂದು ನಾನು ಗದರಿದರೆ, "ಸುಮ್ನಿರ್ರೀ, ಗೋಡೆಗೂ ಒಂದಿಷ್ಟು ಪುಣ್ಯ ಬರ್ಲಿ" ಎನ್ನುತ್ತಿದ್ದಳು. ಅವಳ ಮೂರು ಬೆರಳಿನ ಗುರುತು ಇನ್ನೂ ಕಾಣುತ್ತದೆ.

ದೇವರ ಸಾಮಾನನ್ನು ಅಡುಗೆಮನೆಯ ಮಣೆಯ ಮೇಲೆ ಇಟ್ಟಿದ್ದೇನೆ. ಧೂಳು ಬೀಳದಂತೆ ಬಟ್ಟೆ ಮುಚ್ಚು.

ಅವಳ ವರ್ಷದ ಸ್ಮರಣೆ ಮುಗಿಯಲಿ. ಆಮೇಲೆ ಆ ಗೋಡೆಗೂ ನಿನ್ನ ಬಣ್ಣವನ್ನೇ ಹೊಡೆಸೋಣ. ಮಲ್ಲೇಶಿ ಬೇಡ, ಅದನ್ನು ನಾನೇ ಉಜ್ಜಿಕೊಡುತ್ತೇನೆ.

ನಿನ್ನ ಮಾವ