ಲಾಭ, ಒಂದು, ಎರಡು

14 ಜೂನ್ 1995, ಬುಧವಾರ

ಇವತ್ತೂ ಸ್ಕೂಲಿನ ಎಚ್.ಎಂ. ಸುಬ್ಬರಾಯನ್ ಬೆರಳು ಮಡಚಿಯೇ ಎಣಿಸಿದರು. ಮೂವತ್ತೆಂಟು ಹುಡುಗರು, ಮೂವತ್ತೇಳು ಹುಡುಗಿಯರು. ಒಟ್ಟು? ತಲೆ ಎತ್ತಿ ಹೆಂಚು ನೋಡಿದರು. ಅಲ್ಲೇನು ಬರೆದಿದೆಯೋ. ಕೊನೆಗೆ ‘ಎಪ್ಪತ್ತಾರು’ ಎಂದರು. ಎಪ್ಪತ್ತೈದು ಎಂದು ಬರೆದುಕೊಂಡೆ. ತಿದ್ದಲು ಹೋಗಲಿಲ್ಲ — ಎಷ್ಟು ದಿನ ತಿದ್ದುವುದು.

ತಲೆಗೆ ನೂರು ಗ್ರಾಂ ಅಕ್ಕಿ. ಎಪ್ಪತ್ತೈದಕ್ಕೆ ಏಳೂವರೆ ಕಿಲೋ. ನಮ್ಮ ಪಡಿಗೆ ಒಂದೂವರೆ ಕಿಲೋ ಹಿಡಿಯುತ್ತದೆ. ಐದು ಪಡಿ. ಹೇಳಿ ಮುಗಿಸುವುದರೊಳಗೆ ಆಗುವ ಲೆಕ್ಕ. ಇದಕ್ಕೆ ಬಿ.ಎಸ್ಸಿ. ಮ್ಯಾಥ್ಸ್ ಓದಿದವಳು ಬೇಕೇ? ಆದರೂ ಮಧ್ಯಾಹ್ನದ ಊಟದ ಸೆಂಟರಿಗೆ ಆರ್ಗನೈಸರ್ ಆಗಿ ಬೇಳೆ ಅಳೆಸುತ್ತಿದ್ದೇನೆ. ಅದೂ ಟೆಂಪರರಿ. ಕಂಪ್ಲೇಂಟ್ ಬರದಿದ್ದರೆ ವರ್ಷದ ಕೊನೆಗೆ ಪರ್ಮನೆಂಟ್ ಅಂತೆ.

ಹೊಸ ಅಡುಗೆಯವಳು ಸಣ್ಣಕ್ಕ. ಕುರಿ ಸಾಕುವ ಮನೆಯವಳು, ಈ ತಮಿಳು ಸೀಮೆಯಲ್ಲಿ ನಮ್ಮ ಹಾಗೆ ಕನ್ನಡದವಳು. ಮೊದಲ ಪಡಿ ಸುರಿದು ‘ಲಾಭ’ ಎಂದಳು. ಆಮೇಲೆ ‘ಎರಡು’. ಕಣದಲ್ಲಿ ಹಳಬರು ಒಂದರ ಬದಲು ಲಾಭ ಅನ್ನುವುದು ಗೊತ್ತು. ಆದರೆ ಇದು ಯಾರ ಕಣ?

‘ಲಾಭ ಅನ್ನೋ ಅಂಕಿ ಎಲ್ಲೈತೆ ಸಣ್ಣಕ್ಕ? ಒಂದು ಅನ್ನು.’

‘ಲಾಭ ಅನ್ಲಿಲ್ಲಾಂದ್ರೆ ಅಕ್ಕಿ ಒದಗಲ್ಲ ಟೀಚರಮ್ಮ.’

‘ಒಂದು ಅನ್ನೋದು ನನ್ ಕಿವಿಗೆ ಬೀಳ್ಬೇಕು. ಅಷ್ಟೇ.’

ಸಂಜೆ ಸ್ಟಾಕ್ ತೂಗಿಸಿದೆ. ಸರಿಯಾಗಿದೆ.

15 ಜೂನ್

ಹೊರಗೆ ಬೆಂಚಿನ ಮೇಲೆ ರಿಜಿಸ್ಟರ್ ಬರೆಯುತ್ತಿದ್ದೆ. ಒಳಗಿನಿಂದ ಜೋರಾಗಿ ‘ಒಂದು… ಎರಡು…’ ಐದರವರೆಗೆ. ಗದರಿದರೆ ಎಲ್ಲರೂ ಕಲಿಯುತ್ತಾರೆ. ಇನ್ನು ಒಳಗೆ ನಿಂತು ಹೊಗೆ ಕುಡಿಯಬೇಕಿಲ್ಲ.

2 ಜುಲೈ, ಭಾನುವಾರ

ನಮ್ಮ ಯಜಮಾನರ ಜೊತೆ ಧರ್ಮಪುರಿಗೆ. ಮಾರಂಡಹಳ್ಳಿಯಲ್ಲಿ ಬಸ್ಸು ಹತ್ತಕ್ಕೆ ಐದು ನಿಮಿಷ ಇರುವಾಗ ಹೊರಟಿತು. ಒಂದೂ ಕಾಲು ಗಂಟೆ ದಾರಿ. ಎಷ್ಟಕ್ಕೆ ಸೇರುತ್ತೇವೆ ಎಂದು ಕೇಳಿದೆ, ಸುಮ್ಮನೆ.

‘ಓದಾಗ ಗೊತ್ತಾಯ್ತದೆ ಬುಡು’ ಎಂದರು ವೇಣು.

ಇವರು ಗೊಬ್ಬರದ ಅಂಗಡಿಯಲ್ಲಿ ಸೇಲ್ಸ್‌ಮನ್. ಎರಡು ಮೂಟೆಗಿಂತ ಹೆಚ್ಚು ಕೇಳಿದರೆ ಕ್ಯಾಲ್ಕುಲೇಟರಿಗೆ ಕೈ ಹಾಕುತ್ತಾರೆ. ಆರೆಂಟು ಎಷ್ಟು ಎಂದರೆ ಮುಖ ಬಾಡುತ್ತದೆ. ಆ ಮುಖ ನೋಡಿದರೆ ನನಗೆ ಒಂದು ಚೂರೂ ಪಾಪ ಅನಿಸುವುದಿಲ್ಲ. ಹೀಗೆ ಬರೆದಿಡಲು ಭಯವಿಲ್ಲ — ಕನ್ನಡ ಮಾತಾಡುತ್ತಾರೆಯೇ ಹೊರತು ಅಕ್ಷರ ಬಾರದು. ನನಗೆ ತಾತ ಕಲಿಸಿದ್ದರು.

21 ಜುಲೈ

ಮೂಟೆ ಬೇಗ ತಳ ಕಾಣುತ್ತಿದೆ. ಇಲಿಯೋ, ಸಣ್ಣಕ್ಕನೋ? ಅವಳು ನೀರಿಗೆ ಹೋದಾಗ ಬುಟ್ಟಿ ಬಗ್ಗಿ ನೋಡಿದೆ. ಎಲೆಅಡಿಕೆ, ಅರ್ಧ ಈರುಳ್ಳಿ. ಬುದ್ಧಿ ಇದ್ದರೆ ತಾನೇ ಕದಿಯುವುದು.

ಎಚ್.ಎಂ.ಗೆ ಹೇಳಿದೆ. ‘ಪಸಂಗ ನಲ್ಲಾ ಸಾಪ್ಪಿಡ್ರಾಂಗಮ್ಮಾ’ ಎಂದು ಹಲ್ಲು ಬಿಟ್ಟರು. ಮಕ್ಕಳು ಚೆನ್ನಾಗಿ ಉಣ್ಣುತ್ತಿದ್ದಾರಂತೆ! ನಾನು ಕೇಳಿದ್ದೇನು, ಈ ಮನುಷ್ಯ ಹೇಳಿದ್ದೇನು.

11 ಆಗಸ್ಟ್, ಶುಕ್ರವಾರ

ಆಫೀಸಿನಿಂದ ಲಕ್ಷ್ಮಣನ್ ಬಂದರು. ಹೊಸ ಇನ್ಸ್‌ಪೆಕ್ಷನ್ ಆಫೀಸರ್. ಸಫಾರಿ ಡ್ರೆಸ್, ಜೇಬಿನಲ್ಲಿ ಕ್ಯಾಲ್ಕುಲೇಟರ್. ಮೂಟೆಗಳನ್ನೆಲ್ಲ ತೂಗಿಸಿದರು. ಐವತ್ತೆಂಟೂವರೆ ಕಿಲೋ ಕಡಿಮೆ.

ಎಲ್ಲರ ಕಣ್ಣೂ ಸಣ್ಣಕ್ಕನ ಮೇಲೆ. ಒಲೆಯ ಪಕ್ಕ ನಿಂತಿದ್ದಳು, ಕೈ ತುಂಬ ಬೂದಿ.

‘ನನ್ ಮಕ್ಳಾಣೆ ಸಾಮಿ, ಒಂದ್ ಕಾಳೂ ಮುಟ್ಟಿಲ್ಲ.’

ಬುಧವಾರ ವಿಚಾರಣೆ. ಕದ್ದದ್ದು ಖಾತ್ರಿಯಾದರೆ ಪೊಲೀಸ್ ಕೇಸು ಎಂದರು. ನನ್ನ ಕಡೆ ತಪ್ಪಿಲ್ಲ, ಬರೆದದ್ದೆಲ್ಲ ಸರಿಯಾಗಿದೆ.

12 ಆಗಸ್ಟ್

ತಲೆ ಬಾಚಿಕೊಳ್ಳುತ್ತಿದ್ದೆ. ಲೆಕ್ಕ ತಾನಾಗಿ ಬಂತು, ಕರೆಯಲಿಲ್ಲ. ಜೂನ್ 15ರಿಂದ ಒಲೆ ಹಚ್ಚಿದ್ದು ಮೂವತ್ತೊಂಬತ್ತು ದಿನ. ಐವತ್ತೆಂಟೂವರೆಯನ್ನು ಮೂವತ್ತೊಂಬತ್ತರಿಂದ ಭಾಗಿಸಿದರೆ ಒಂದೂವರೆ. ಉಳಿಕೆ ಇಲ್ಲ.

ದಿನಕ್ಕೆ ಒಂದು ಪಡಿ.

ಕಳ್ಳರು ಹೀಗೆ ಅಳತೆ ಹಿಡಿದು ಕದಿಯುವುದಿಲ್ಲ. ಇಲಿಗಳಂತೂ ಇಲ್ಲವೇ ಇಲ್ಲ.

13 ಆಗಸ್ಟ್, ಭಾನುವಾರ

ಸಣ್ಣಕ್ಕನ ಮನೆಗೆ ಹೋದೆ. ಹಟ್ಟಿಯ ಮುಂದೆ ಕೂತು ಮಿಲ್ಲಿಗೆ ರಾಗಿ ಅಳೆಯುತ್ತಿದ್ದಳು. ನಾನು ಬಂದದ್ದು ಕಾಣಲಿಲ್ಲ. ‘ಲಾಭ’, ‘ಎರಡು’, ‘ಮೂರು’. ಸರಿಯಾಗಿಯೇ ಇದೆ!

‘ಸ್ಕೂಲಲ್ಲಿ ಅಳೆಯೋ ತರ ಅಳೆ, ನೋಡಣ’ ಎಂದೆ.

ಮೊದಲ ಪಡಿ ಸುರಿದಳು. ತುಟಿ ಮಾತ್ರ ಅಲ್ಲಾಡಿತು. ಎರಡನೆಯದು ಸುರಿದು ಜೋರಾಗಿ ‘ಒಂದು’ ಎಂದಳು.

‘ಮೊದಲ್ನೇದು?’

‘ಅದು ಲಾಭ.’

‘ಲಾಭ ಬೇಡ ಅಂದಿದ್ನಲ್ಲ!’

‘ಒಂದು ಅನ್ನು ಅಂದ್ರಿ. ಅಂತಿದೀನಲ್ಲ ಟೀಚರಮ್ಮ, ಕೂಗಿ ಕೂಗಿ. ಲಾಭ ಬುಡಕ್ಕಾಯ್ತದಾ? ಲಾಭ ದೇವ್ರುದು. ಒಂದು ಗೌರ್ಮೆಂಟ್‌ದು.’

ಎಂಥ ದಡ್ಡತನ. ಅಲ್ಲೇ ಕೂಗಾಡಬೇಕೆನಿಸಿತು. ಮನೆಯಲ್ಲಿ ಒಂದು ಎಣಿಕೆ, ಸ್ಕೂಲಲ್ಲಿ ಒಂದು ಎಣಿಕೆ — ಎರಡೂ ಬೇರೆ ಎಂದು ಒಂದು ದಿನವಾದರೂ ಹೊಳೆಯಬೇಡವೇ? ಐದು ಹೇಳಿದರೆ ಆರು ಬೇಯಿಸಿ ಬಡಿಸಿದ್ದಾಳೆ, ದಿನಾ. ಮಕ್ಕಳು ನೆಕ್ಕಿ ಮುಗಿಸಿವೆ. ಅವಳಿಗೆ ಈಗಲೂ ಗೊತ್ತಾಗಿಲ್ಲ. ಮಜ್ಜಿಗೆ ಕೊಟ್ಟಳು. ಕುಡಿದು ಬಂದೆ.

14 ಆಗಸ್ಟ್

ವಿಚಾರಣೆಯಲ್ಲಿ ಇದನ್ನು ಹೇಳಿದರೆ ಏನಾಗುತ್ತದೆ? ಅಡುಗೆಯವಳ ಎಣಿಕೆ ಕೆಡಿಸಿದವರು ಯಾರು ಎನ್ನುತ್ತಾರೆ. ಅಳೆಯುವಾಗ ಆರ್ಗನೈಸರ್ ಎಲ್ಲಿದ್ದರು ಎನ್ನುತ್ತಾರೆ. ಪರ್ಮನೆಂಟ್ ಹೋಯಿತು.

ಹೇಳದಿದ್ದರೆ? ಯಾರಿಗೂ ತಿಳಿಯುವುದಿಲ್ಲ. ಸುಬ್ಬರಾಯನ್‌ಗೆ ಕೂಡುವುದೇ ಬಾರದು, ಇನ್ನು ಭಾಗಾಕಾರವೆಲ್ಲಿ. ಲಕ್ಷ್ಮಣನ್‌ಗೆ ಬೆರಳ ತುದಿಯಲ್ಲಿ ಬಟನ್, ತಲೆಯಲ್ಲಿ ಮಣ್ಣು. ಜನರ ದಡ್ಡತನ ಇದೇ ಮೊದಲ ಸಲ ನನಗೆ ಉಪಕಾರ ಮಾಡುತ್ತಿದೆ.

ವೇಣುಗೆ ಎಲ್ಲ ಹೇಳಿದೆ. ‘ಪೇಸಾಮ ಇರು, ಬಾಯಿ ಬುಡ್ಬೇಡ’ ಎಂದರು. ‘ಅವ್ಳಿಗೇನು, ಕುರಿ ಐತೆ. ಬದುಕ್ಕೊಂತಾಳೆ.’ ಜೈಲಿಗೆ ಹೋದರೆ ಕುರಿ ಕಾಯುವವರು ಯಾರು ಎಂದು ಕೇಳಿದೆ. ಅದಕ್ಕೂ ಮುಖ ಬಾಡಿತು.

ಬಾಯಿ ಮುಚ್ಚಿಕೊಂಡಿರುವುದೇ ಸರಿ. ಅಂತ ತೀರ್ಮಾನ.

16 ಆಗಸ್ಟ್, ಬುಧವಾರ, ಸಂಜೆ

ಎಚ್.ಎಂ. ರೂಮಿನಲ್ಲಿ ವಿಚಾರಣೆ. ಸಣ್ಣಕ್ಕ ಬಾಗಿಲ ಹತ್ತಿರ ನಿಂತಿದ್ದಳು, ಸೆರಗು ಬಾಯಿಗೆ. ಲಕ್ಷ್ಮಣನ್ ಕ್ಯಾಲ್ಕುಲೇಟರ್ ತೆಗೆದರು. ಎಷ್ಟು ದಿನ ಎಂದರು. ಮೂವತ್ತೊಂಬತ್ತು ಎಂದೆ. ಒತ್ತಿದರು. ಐವತ್ತೆಂಟಾದ ಮೇಲೆ ಪಾಯಿಂಟ್ ಒತ್ತಲಿಲ್ಲ, ನೋಡಿದೆ.

‘ಪದಿನೈಂದು ಕಿಲೋ! ದಿನಕ್ಕೆ ಹದಿನೈದು ಕಿಲೋ ಹೊತ್ತಿದ್ದಾಳೆ. ಇದು ಸಣ್ಣ ಕಳ್ಳತನವಲ್ಲ. ಸ್ಟೇಷನ್ನಿಗೇ ಕೊಡಬೇಕು.’

‘ಆಮಾಂಗ ಸಾರ್’ ಎಂದು ಸುಬ್ಬರಾಯನ್ ತಲೆಯಾಡಿಸಿದರು.

ಬೇಯಿಸುವುದೇ ಏಳೂವರೆ! ಅದರ ಎರಡರಷ್ಟು ದಿನಾ ಕದ್ದಳಂತೆ! ಮೂವತ್ತೊಂಬತ್ತು ದಿನ ಹದಿನೈದು ಹೊತ್ತರೆ ಆರುನೂರು ಕಿಲೋ ಹತ್ತಿರ. ಸ್ಟೋರಿನಲ್ಲಿ ಅಷ್ಟು ಅಕ್ಕಿ ಯಾವತ್ತು ಇತ್ತು? ಇಬ್ಬರೂ ಗಂಭೀರವಾಗಿ ಆ ಸಂಖ್ಯೆಯನ್ನು ನೋಡುತ್ತಿದ್ದರು, ಅದನ್ನು ಕಾಗದಕ್ಕೂ ಇಳಿಸಿದರು.

‘ಅಷ್ಟ್ ಒತ್ಕೊಂಡ್ ಓಗಕ್ಕೆ ನಾನೇನ್ ಕತ್ತೆಯಾ ಸಾಮಿ?’ ಎಂದಳು ಸಣ್ಣಕ್ಕ. ಅಳುತ್ತಲೇ.

ಸುಮ್ಮನಿರಬೇಕಿತ್ತು. ಸಣ್ಣಕ್ಕನ ಮೇಲಿನ ಕರುಣೆಯಿಂದ ಮಾತಾಡಿದೆ ಎಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ಆ ಹದಿನೈದನ್ನು ಸಹಿಸಲು ಆಗಲಿಲ್ಲ.

‘ತಪ್ಪು ಸಾರ್. ಒಂದೂವರೆ.’

ಮತ್ತೆ ಒತ್ತಿದರು. ಒಂದೂವರೆ. ದಿನಾ ಸಮವಾಗಿ ಒಂದೂವರೆ ಹೇಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ನನ್ನನ್ನೇ ಕೇಳಿದರು. ಹೇಳಿದೆ. ಎಲ್ಲ ಹೇಳಿದೆ. ಪಡಿ, ಲಾಭ, ಒಂದು. ಹಾಗೆ ಹೇಳಿಕೊಟ್ಟವಳು ನಾನೇ ಎಂದೂ ಹೇಳಿದೆ.

ಲಕ್ಷ್ಮಣನ್ ಕ್ಯಾಲ್ಕುಲೇಟರ್ ಜೇಬಿಗೆ ಹಾಕಿಕೊಂಡರು. ಏನು ಓದಿದ್ದೀರಿ ಎಂದರು. ಹೇಳಿದೆ. ಸುಬ್ಬರಾಯನ್ ನಕ್ಕರು. ಸುಬ್ಬರಾಯನ್! ಕಿವಿಯವರೆಗೂ ಬಿಸಿಯಾಯಿತು.

ಸಣ್ಣಕ್ಕನ ಮೇಲೆ ಕೇಸಿಲ್ಲ, ಅವಳು ಇರಬಹುದು. ಆರ್ಡರ್ ಬರುವವರೆಗೆ ನಾನು ಬರಬಾರದು. ಅಲ್ಲಿಯತನಕ ಅಳತೆ ಎಚ್.ಎಂ. ಮೇಲ್ವಿಚಾರಣೆಯಲ್ಲಿ.

17 ಆಗಸ್ಟ್, ಬೆಳಿಗ್ಗೆ ಹತ್ತೂ ಕಾಲು

ವೇಣು ಅಂಗಡಿಗೆ ಹೋದರು. ನಾನು ಮನೆಯಲ್ಲಿ. ಈ ಹೊತ್ತಿಗೆ ಅಲ್ಲಿ ಹಾಜರಿ ಮುಗಿದಿರುತ್ತದೆ, ಆ ಮನುಷ್ಯ ಹೆಂಚು ನೋಡುತ್ತಿರುತ್ತಾರೆ. ಗುರುವಾರ ಸಂತೆ, ಎರಡು ಮೂರು ಮಕ್ಕಳು ಬರುವುದಿಲ್ಲ. ಎಪ್ಪತ್ತೆರಡು ಎಂದುಕೊಳ್ಳೋಣ. ಯಾರು ಹೇಳುತ್ತಾರೆ ಅವರಿಗೆ? ಅಳು ಬರುತ್ತಿದೆ, ಅಸಹ್ಯ. ಎಪ್ಪತ್ತೆರಡಕ್ಕೆ ಏಳು ಕಿಲೋ ಇನ್ನೂರು. ಅಂದರೆ ನಾಲ್ಕು ಪಡಿ, ಅದರ ಮೇಲೆ ಒಂದು ಕಿಲೋ ಇನ್ನೂರು. ಪಡಿ ತುಂಬುವುದಿಲ್ಲ, ಇದನ್ನು ಆ ಮನುಷ್ಯ ಹೇಗೆ ಅಳೆಸುತ್ತಾರೆ?